ಫ್ರಿಜ್ ತಂಪಾಗುತ್ತಿದೆ, ಬಾಗಿಲಿನ ಡಿಸ್‌ಪ್ಲೇ ಮಾತ್ರ ಮಿಣುಕಿ ಆರುತ್ತದೆ: ಎರಡೂ ಬೋರ್ಡ್ ಬದಲಿಸಬೇಕೇ?

ಕರಾವಳಿ_ಮಳೆ

ಎಲ್ಲರಿಗೂ ನಮಸ್ಕಾರ. 6 ವರ್ಷ ಹಳೆಯ, 340 ಲೀಟರಿನ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್. ಇನ್ವರ್ಟರ್ ಕಂಪ್ರೆಸರ್. ಡಿಸ್‌ಪ್ಲೇ, ಟಚ್ ಬಟನ್ ಎಲ್ಲವೂ ಮೇಲಿನ ಫ್ರೀಜರ್ ಬಾಗಿಲಿನ ಹೊರಮೈಯಲ್ಲಿವೆ. ಮನೆ ಉಡುಪಿ ಹತ್ತಿರ, ಕಡಲಿಗೆ ಒಂದೂವರೆ ಕಿಲೋಮೀಟರ್.

ತೊಂದರೆ ಶುರುವಾದದ್ದು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ. ಮೊದಲ ಎರಡು ವಾರ ಆಗಾಗ ಒಂದು ಎರರ್ ಕೋಡ್ ಬಂದು ಹೋಗುತ್ತಿತ್ತು. ಫ್ರಿಜ್ ಜೊತೆ ಕೊಟ್ಟ ಪುಸ್ತಕ ನೋಡಿದರೆ, ಡಿಸ್‌ಪ್ಲೇ ಬೋರ್ಡಿಗೂ ಮೇನ್ ಬೋರ್ಡಿಗೂ ಸಂಪರ್ಕ ತಪ್ಪಿದೆ ಎಂಬ ಕೋಡ್ ಅದು. ಈಗ ಮೇಲಿನ ಬಾಗಿಲು ಅರ್ಧ ತೆರೆದಾಗ ಅಂಕಿ ಮಂಕಾಗುತ್ತದೆ, ಪೂರ್ತಿ ತೆರೆದರೆ ಆರಿಹೋಗುತ್ತದೆ. ಮುಚ್ಚಿದಾಗ ಒಮ್ಮೆ 88 ಎಂದು ಎಲ್ಲ ಗೆರೆಗಳೂ ಹೊತ್ತಿ, ಆಮೇಲೆ ಸರಿಯಾದ ಅಂಕಿ ಬರುತ್ತದೆ. ಕೆಲವು ಸಲ ಮುಚ್ಚಿದರೂ ಬರುವುದಿಲ್ಲ, ಬಾಗಿಲನ್ನು ಸ್ವಲ್ಪ ಅಲ್ಲಾಡಿಸಬೇಕು. ಟಚ್ ಬಟನ್ ಒತ್ತಿದರೆ ಹತ್ತರಲ್ಲಿ ಎರಡು ಮೂರು ಸಲ ಮಾತ್ರ ಕೇಳುತ್ತದೆ. ಒಳಗಿನ ಲೈಟ್ ಸರಿಯಾಗಿದೆ, ಐಸ್ ಕಟ್ಟುತ್ತಿದೆ, ಹಾಲು ಕೆಟ್ಟಿಲ್ಲ.

ಬಂದ ಮೆಕ್ಯಾನಿಕ್ ಏನನ್ನೂ ಬಿಚ್ಚಿ ನೋಡಲಿಲ್ಲ. ಡಿಸ್‌ಪ್ಲೇ ಬೋರ್ಡ್, ಮೇನ್ ಬೋರ್ಡ್ ಎರಡೂ ಹೋಗಿವೆ, 7,800 ರೂಪಾಯಿ ಆಗುತ್ತದೆ ಎಂದರು. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ ನೋಡಿದ್ದೇವೆ, ಪ್ರಯೋಜನ ಇಲ್ಲ. ಚೈಲ್ಡ್ ಲಾಕ್ ಹಾಕಿಲ್ಲ. ಮನೆಯಲ್ಲಿ ಮಲ್ಟಿಮೀಟರ್ ಇದೆ, ಸಣ್ಣ ಸೋಲ್ಡರಿಂಗ್ ಐರನ್ ಇದೆ. ಹಣ ಕೊಡುವ ಮೊದಲು ನಾವೇ ಏನು ಪರೀಕ್ಷೆ ಮಾಡಬಹುದು?

ತಂತಿಮಿತ್ರ

ಬೋರ್ಡಿಗೆ ಸದ್ಯ ಒಂದು ರೂಪಾಯಿಯನ್ನೂ ಕೊಡಬೇಡಿ. ಬಾಗಿಲು ಎಷ್ಟು ತೆರೆದಿದೆ ಎಂಬುದರ ಮೇಲೆ ಡಿಸ್‌ಪ್ಲೇ ಬೆಳಕು ಬದಲಾಗುತ್ತದೆ ಎಂದರೆ ತೊಂದರೆ ಬಾಗಿಲು ತಿರುಗುವ ಜಾಗದಲ್ಲಿದೆ. ಬೋರ್ಡುಗಳು ತಿರುಗುವುದಿಲ್ಲ, ವೈರ್ ತಿರುಗುತ್ತದೆ. ಫ್ರಿಜ್‌ನ ಮೇನ್ ಬೋರ್ಡ್‌ನಿಂದ ಹೊರಟ ವೈರುಗಳು ಮೇಲಿನ ಹಿಂಜ್‌ನ ಮೂಲಕ ಬಾಗಿಲಿನೊಳಗೆ ಹೋಗುತ್ತವೆ. ದಿನಕ್ಕೆ 30 ಸಲ ಬಾಗಿಲು ತೆರೆದರೂ ವರ್ಷಕ್ಕೆ ಸುಮಾರು 11,000 ಸಲ ಆ ವೈರ್ ಒಂದೇ ಜಾಗದಲ್ಲಿ ಮಡಚಿ ಬಿಚ್ಚುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಕಣ್ಣಿಗೆ ಕಾಣದ್ದರಿಂದ ಬೋರ್ಡ್ ಮೇಲೆ ಆರೋಪ ಬರುತ್ತದೆ.

ನಿಮ್ಮ ಲಕ್ಷಣಗಳನ್ನೇ ಓದೋಣ. ಸಾಮಾನ್ಯವಾಗಿ ಈ ಸಾಲಿನಲ್ಲಿ ನಾಲ್ಕು ವೈರ್ ಇರುತ್ತವೆ: ಒಂದು 12 ವೋಲ್ಟ್ ಅಥವಾ 5 ವೋಲ್ಟ್ ಸಪ್ಲೈ, ಒಂದು ಗ್ರೌಂಡ್ (ಕರೆಂಟ್ ಮರಳುವ ದಾರಿ), ಎರಡು ಮಾಹಿತಿಯ ವೈರ್. ಸಪ್ಲೈ ಪೂರ್ತಿ ಕಡಿದರೆ ಡಿಸ್‌ಪ್ಲೇ ಸತ್ತಂತೆ ಇರುತ್ತದೆ. ಮಾಹಿತಿಯ ವೈರ್ ಕಡಿದರೆ ಡಿಸ್‌ಪ್ಲೇ ಚೆನ್ನಾಗಿ ಬೆಳಗುತ್ತದೆ, ಆದರೆ ಸಂಪರ್ಕ ಇಲ್ಲ ಎಂಬ ಕೋಡ್ ತೋರಿಸುತ್ತದೆ. ನಿಮ್ಮಲ್ಲಿ ಎರಡೂ ಇದೆ, ಜೊತೆಗೆ ಮಂಕಾಗುವುದೂ ಇದೆ. ನನ್ನ ಅನುಮಾನ ಗ್ರೌಂಡ್ ವೈರ್ ಮೇಲೆ. ಎಳೆಗಳೆಲ್ಲ ಕಡಿದು, ಕಡಿದ ತುದಿಗಳು ಒಂದಕ್ಕೊಂದು ಬರೀ ತಾಗಿಕೊಂಡಿದ್ದಾಗ ಅಲ್ಲಿ ಕೆಲವು ಓಮ್ ತಡೆ ಹುಟ್ಟುತ್ತದೆ. ಆಗ ಡಿಸ್‌ಪ್ಲೇಗೆ ಸಿಗುವ ವೋಲ್ಟೇಜ್ ಇಳಿಯುತ್ತದೆ, ಬೆಳಕು ಮಂಕಾಗುತ್ತದೆ. ಸಪ್ಲೈಗೂ ಮಾಹಿತಿಗೂ ಅದೇ ಗ್ರೌಂಡ್ ಆಧಾರ, ಹಾಗಾಗಿ ಮಾಹಿತಿಯೂ ತಪ್ಪಾಗಿ ಓದಿಕೊಳ್ಳುತ್ತದೆ. 88 ಬರುವುದು ಕೆಟ್ಟ ಲಕ್ಷಣ ಅಲ್ಲ. ಡಿಸ್‌ಪ್ಲೇಗೆ ಹೊಸದಾಗಿ ಕರೆಂಟ್ ಸಿಕ್ಕಾಗ ಎಲ್ಲ ಗೆರೆಗಳನ್ನೂ ಹೊತ್ತಿಸಿ ನೋಡಿಕೊಳ್ಳುತ್ತದೆ. ಅಂದರೆ ಬಾಗಿಲು ಮುಚ್ಚಿದಾಗಲೆಲ್ಲ ಅದಕ್ಕೆ ಕರೆಂಟ್ ಹೋಗಿ ಬಂದಂತಾಗುತ್ತಿದೆ.

ಒಳಗಿನ ಲೈಟ್ ಉರಿಯುತ್ತಿದೆ ಎಂದಿರಿ. ಹಲವು ಮಾದರಿಗಳಲ್ಲಿ ಒಳಗಿನ ಎಲ್‌ಇಡಿ ಲೈಟಿಗೂ ಮೇನ್ ಬೋರ್ಡಿನ 12 ವೋಲ್ಟ್ ಹೋಗುತ್ತದೆ. ಲೈಟ್ ಸ್ಥಿರವಾಗಿದ್ದರೆ ಸಪ್ಲೈ ಬಹುಮಟ್ಟಿಗೆ ಆರೋಗ್ಯವಾಗಿದೆ ಎಂದರ್ಥ.

ಈಗ ಪರೀಕ್ಷೆ. ಪ್ಲಗ್ ತೆಗೆಯಿರಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಹತ್ತು ನಿಮಿಷ ಕಾಯಿರಿ. 230 ವೋಲ್ಟ್ ಎಸಿ ಬೋರ್ಡಿನೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಈ ಪರೀಕ್ಷೆಗೆ ಮೇನ್ ಬೋರ್ಡಿನ ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ, ತೆಗೆಯಬೇಡಿ.

ಫ್ರಿಜ್‌ನ ನೆತ್ತಿಯ ಮೇಲೆ, ಬಾಗಿಲು ತಿರುಗುವ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಒಂದೋ ಎರಡೋ ಸ್ಟಾರ್ ಸ್ಕ್ರೂ, ಕೆಲವದರಲ್ಲಿ ಬರೀ ಲಾಕ್. ಅದರ ಕೆಳಗೆ ಬಿಳಿ ಕನೆಕ್ಟರ್ ಕಾಣುತ್ತದೆ. ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಲಾಕ್ ಒತ್ತಿ ಹಿಡಿದು ಕನೆಕ್ಟರ್‌ನ ಮೈ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆದರೆ ಪಿನ್ ಕಿತ್ತು ಬರುತ್ತದೆ. ಪಿನ್‌ಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಕಡಲ ಹತ್ತಿರದ ಮನೆಗಳಲ್ಲಿ ಅರ್ಧ ತೊಂದರೆ ಇಲ್ಲೇ ಸಿಗುತ್ತದೆ.

ಕಿಲುಬು ಇದ್ದರೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒಣಗಲು ಹದಿನೈದು ನಿಮಿಷ ಬಿಡಿ. ಮರಳು ಕಾಗದ ಬೇಡ. ಪಿನ್ ಮೇಲಿನ ತವರದ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಜೋರಾಗಿ ಕಿಲುಬು ಹಿಡಿಯುತ್ತದೆ.

ಆಮೇಲೆ ಮೀಟರನ್ನು ಓಮ್‌ಗೆ ಇಟ್ಟು ಬಾಗಿಲಿನ ಕಡೆಯ ಅರ್ಧ ಕನೆಕ್ಟರ್‌ನಲ್ಲಿ ಸಪ್ಲೈ ಮತ್ತು ಗ್ರೌಂಡ್ ಪಿನ್‌ಗಳ ನಡುವೆ ಹಿಡಿಯಿರಿ. ಯಾವುದು ಯಾವ ಪಿನ್ ಎಂಬುದು ಬೋರ್ಡ್ ಮೇಲೆ ಅಥವಾ ಹಿಂಬದಿ ಅಂಟಿಸಿದ ವೈರಿಂಗ್ ಚಿತ್ರದಲ್ಲಿ ಇರುತ್ತದೆ. ಬಣ್ಣ ನಂಬಬೇಡಿ, ಒಬ್ಬೊಬ್ಬರದು ಒಂದೊಂದು ಪದ್ಧತಿ. ಡಿಸ್‌ಪ್ಲೇಯೊಳಗೆ ಕೆಪಾಸಿಟರ್ ಇರುವುದರಿಂದ ಅಂಕಿ ಮೊದಲು ಏರುತ್ತಾ ಹೋಗಿ ನಿಲ್ಲುತ್ತದೆ, ನಿಲ್ಲುವ ತನಕ ಕಾಯಿರಿ. ಈಗ ಇನ್ನೊಬ್ಬರಿಗೆ ಬಾಗಿಲನ್ನು ನಿಧಾನವಾಗಿ ತೆರೆಯಲು ಹೇಳಿ. ನಿಂತ ಅಂಕಿ ಒಮ್ಮೆಲೇ ಹಾರಿದರೆ ಅಥವಾ ಮೀಟರ್ ಸಂಪರ್ಕವೇ ಇಲ್ಲ (ಓಎಲ್) ಎಂದು ತೋರಿಸಿದರೆ ವೈರ್ ಒಳಗೆ ಕಡಿದಿದೆ. ಡಿಸ್‌ಪ್ಲೇ ಬಿಚ್ಚದೆಯೇ ಇಷ್ಟು ತಿಳಿಯುತ್ತದೆ.

ಯಾವ ವೈರ್ ಎಂದು ಖಚಿತವಾಗಬೇಕಾದರೆ ಡಿಸ್‌ಪ್ಲೇ ಹೊರತೆಗೆದು ಒಂದೊಂದೇ ವೈರನ್ನು ತುದಿಯಿಂದ ತುದಿಗೆ ಅಳೆಯಬೇಕು. ಮೀಟರಿನ ಎರಡು ಕಡ್ಡಿಗಳನ್ನು ಕೂಡಿಸಿದಾಗ ಬರುವ 0.2 ಅಥವಾ 0.3 ಓಮ್ ಕಳೆದರೆ, ಒಳ್ಳೆಯ ವೈರ್ ಅರ್ಧ ಓಮ್ ದಾಟಬಾರದು, ಬಾಗಿಲು ಆಡಿಸಿದಾಗ ಅಲುಗಲೂ ಬಾರದು. ಬೀಪ್ ಶಬ್ದವನ್ನು ಮಾತ್ರ ನಂಬಬೇಡಿ. ಬಹಳಷ್ಟು ಮೀಟರುಗಳು 30 ಓಮ್‌ಗೂ ಬೀಪ್ ಅನ್ನುತ್ತವೆ, ನಮಗೆ ಇಲ್ಲಿ 5 ಓಮ್ ಕೂಡ ರೋಗವೇ.

ಡಿಸ್‌ಪ್ಲೇ ತೆಗೆಯುವಾಗ: ಪ್ಲಾಸ್ಟಿಕ್ ಪಟ್ಟಿಯ ಮಾದರಿಯಾದರೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಕೆಳ ಅಂಚಿನಿಂದ ಮೀಟಿ. ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಏಳುತ್ತದೆ. ಗಾಜಿನ ಬಾಗಿಲಾದರೆ ಮುಂದಿನಿಂದ ಮೀಟಲೇಬೇಡಿ, ಗಾಜು ಒಡೆಯುತ್ತದೆ. ಅವುಗಳಲ್ಲಿ ಬೋರ್ಡು ಬಾಗಿಲಿನ ಮೇಲ್ತುದಿಯ ಅಥವಾ ಪಕ್ಕದ ಪ್ಲಾಸ್ಟಿಕ್ ಪಟ್ಟಿ ತೆಗೆದರೆ ಜಾರಿ ಬರುತ್ತದೆ.

ಹುಬ್ಬಳ್ಳಿ_ಸೋಲ್ಡರ್

ತಂತಿಮಿತ್ರ ಸರ್ ಹೇಳಿದ್ದು ಖರೇ ಅದ. ಇವರ ಕೇಸ್ ವೈರಿಂದೇ ಅನಸ್ತದ. ಆದ್ರ ಇದೇ ಪ್ರಶ್ನೆ ಹುಡುಕ್ಕೊಂತ ಬರೋ ಬ್ಯಾರೆ ಮಂದಿಗೆ ಒಂದು ಮಾತು: ಡಿಸ್‌ಪ್ಲೇ ಯಾವಾಗ ಆರ್ತದ ಅನ್ನೋದನ್ನ ಎರಡು ದಿನ ಕಾಗದದ ಮ್ಯಾಲೆ ಬರದಿಡ್ರಿ. ಅದರಾಗ ಅರ್ಧ ಉತ್ತರ ಇರ್ತದ.

ಬಾಗಿಲಾ ಮುಚ್ಚೇ ಇರ್ತದ, ಯಾರೂ ಮುಟ್ಟಿರಂಗಿಲ್ಲ, ಆದ್ರೂ ಫ್ಯಾನೋ ಕಂಪ್ರೆಸರೋ ಶುರು ಆಗೋ ಹೊತ್ತಿಗೆ 88 ಬಂದು ಹೋಗ್ತದ ಅಂದ್ರ ಮೇನ್ ಬೋರ್ಡಿನ ಸಪ್ಲೈ ಸೋತದ ಅಂತ ತಿಳೀರಿ. 12 ವೋಲ್ಟ್ ಕಡೆ ಇರೋ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್, ಸಾಮಾನ್ಯ 470 ಇಲ್ಲಾ 1000 ಮೈಕ್ರೊಫ್ಯಾರಡ್ ಇರ್ತದ, ನೆತ್ತಿ ಉಬ್ಬಿರ್ತದ. ಉಬ್ಬದೇನೂ ಒಳಗ ಒಣಗಿರಬಹುದು. ಬದಲಾಯಿಸೋದಿದ್ರ ಅಷ್ಟೇ ಮೈಕ್ರೊಫ್ಯಾರಡ್, ವೋಲ್ಟೇಜ್ ಅಷ್ಟೇ ಇಲ್ಲಾ ಜಾಸ್ತಿ, ಮತ್ತ 105 ಡಿಗ್ರಿ ಅಂತ ಬರದಿದ್ದನ್ನ ತಗೋರಿ. 85 ಡಿಗ್ರೀದು ಅಗ್ಗ ಸಿಗ್ತದ, ಆ ಬಿಸಿಯೊಳಗ ಭಾಳ ದಿನ ಬಾಳಂಗಿಲ್ಲ. ಬೋರ್ಡ್ ಮ್ಯಾಲೆ ಕೈ ಹಾಕೋ ಅಭ್ಯಾಸ ಇಲ್ಲಂದ್ರ ಈ ಕೆಲಸ ಟಿವಿ ರಿಪೇರಿ ಮಾಡೋರ ಕಡೆ ಒಯ್ರಿ, ಅವರಿಗೆ ಇದು ದಿನದ ಕೆಲಸ.

ಸ್ಟೆಬಿಲೈಸರ್ ಟಕ್ ಟಕ್ ಅಂದಾಗೆಲ್ಲಾ ಡಿಸ್‌ಪ್ಲೇ ಹೊಳ್ಳಿ ಶುರು ಆದ್ರ ಬೋರ್ಡಿನ ತಪ್ಪಲ್ಲ. ಸ್ಟೆಬಿಲೈಸರ್ ಒಳಗಿನ ರಿಲೇ (ತಾನ ಬದಲಾಗೋ ಸ್ವಿಚ್) ಒಂದು ಹಂತದಿಂದ ಇನ್ನೊಂದು ಹಂತಕ್ಕ ಹೋಗೋ ಕ್ಷಣದಾಗ ಕರೆಂಟ್ ತಪ್ಪತದ. ರಿಲೇ ಕಾಂಟ್ಯಾಕ್ಟ್ ಸುಟ್ಟಿದ್ರ ಆ ಕ್ಷಣ ಉದ್ದ ಆಗ್ತದ. ಒಂದು ದಿನ ವೋಲ್ಟೇಜ್ ಸರಿ ಇರೋ ಹೊತ್ತಿನಾಗ ಫ್ರಿಜ್ ನೇರ ಗೋಡೆ ಸಾಕೆಟ್ಟಿಗೆ ಹಚ್ಚಿ ನೋಡ್ರಿ. ಇನ್ವರ್ಟರ್ ಫ್ರಿಜ್ ಎಷ್ಟು ವೋಲ್ಟ್‌ನಿಂದ ಎಷ್ಟರ ತನಕ ತಡೀತದ ಅನ್ನೋದು ಹಿಂದಿನ ಸ್ಟಿಕರ್ ಇಲ್ಲಾ ಪುಸ್ತಕದಾಗ ಇರ್ತದ, ಅದನ್ನ ನೋಡೇ ಮಾಡ್ರಿ.

ಕರೆಂಟ್ ಹೋಗಿ ಬಂದ ಮ್ಯಾಲೆ ಡಿಸ್‌ಪ್ಲೇ, ಒಳಗಿನ ಲೈಟ್, ಕಂಪ್ರೆಸರ್ ಎಲ್ಲಾ ಒಮ್ಮೆಲೆ ಸುಮ್ಮನಾದ್ರ ಬೋರ್ಡಿನ ಫ್ಯೂಸ್ ನೋಡ್ಸ್ರಿ. ಅದರ ಬಾಜೂಕ ಗುಂಡನ ಬಿಲ್ಲೆ ಹಂಗ ವೇರಿಸ್ಟರ್ ಇರ್ತದ, ಜಾಸ್ತಿ ವೋಲ್ಟೇಜ್ ಬಂದಾಗ ತಾನು ಸುಟ್ಟು ಫ್ಯೂಸ್ ಹಾರಿಸಿ ಉಳಿದ ಬೋರ್ಡ್ ಉಳಸ್ತದ. ಕರ್ರಗಾಗಿ ಸೀಳಿದ್ರ ಅದನ್ನೂ ಬದಲಾಯಿಸ್ಬೇಕು. ಬರೇ ಫ್ಯೂಸ್ ಹಾಕಿದ್ರ ಅದೂ ಹಾರ್ತದ, ವೇರಿಸ್ಟರ್ ಕಿತ್ತು ಒಗದು ಫ್ಯೂಸ್ ಹಾಕಿದ್ರ ಮುಂದಿನ ಸಲ ಪೂರಾ ಬೋರ್ಡ್ ಹೋಗ್ತದ. ಫ್ಯೂಸ್ ಜಾಗಾದಾಗ ತಾಮ್ರದ ಎಳೆ ಸುತ್ತೋ ಕೆಲಸ ಯಾರು ಹೇಳಿದ್ರೂ ಮಾಡಬ್ಯಾಡ್ರಿ.

ಇನ್ನ ಜಿರಳೆ. ಮೇನ್ ಬೋರ್ಡ್ ಇರೋ ಡಬ್ಬಿ ಬೆಚ್ಚಗ ಇರ್ತದ, ಕತ್ತಲಿ ಇರ್ತದ, ಅವಕ್ಕ ಅದೇ ಅರಮನಿ. ಹಿಕ್ಕೆ ಬಿದ್ದು ತಂಪು ಹಿಡಿದ್ರ ಪಿನ್ನುಗಳ ನಡುವ ಕರೆಂಟ್ ಸೋರ್ತದ, ಕೋಡ್ ಏನೇನೋ ಬರ್ತಾವ. ಹಲ್ಲಿ ಸತ್ತು ಬಿದ್ರ ಸೀದಾ ಶಾರ್ಟ್. ಇಲಿ ಇರೋ ಮನ್ಯಾಗ ಹಿಂದಿನ ವೈರ್ ಕಡದಿರ್ತಾವ. ಜಿರಳೆ ಸ್ಪ್ರೇ ಬೋರ್ಡ್ ಮ್ಯಾಲೆ ಹೊಡೀಬಾರದು. ಸ್ಪ್ರೇದಾಗಿನ ಗ್ಯಾಸ್ ಹತ್ತಿ ಉರಿಯೋದು, ಜೊತೀಗೆ ಎಣ್ಣಿ ಅಂಟು ಉಳಿತದ. ಜೆಲ್ ಬರ್ತದಲ್ಲ, ಅದನ್ನ ಫ್ರಿಜ್ ಹಿಂದಿನ ಗೋಡೆ ಬುಡಕ್ಕ ಚುಕ್ಕಿ ಚುಕ್ಕಿ ಇಡ್ರಿ.

ಕರಾವಳಿ_ಮಳೆ

ಇಬ್ಬರಿಗೂ ತುಂಬಾ ಧನ್ಯವಾದ. ಹೇಳಿದ ಹಾಗೆಯೇ ಮಾಡಿದೆವು. ಅಳತೆಗಳು ಹೀಗಿವೆ.

ಹಿಂಜ್ ಮುಚ್ಚಳದ ಕೆಳಗೆ ನಾಲ್ಕು ಪಿನ್‌ನ ಕನೆಕ್ಟರ್. ಒಂದು ಪಿನ್‌ನಲ್ಲಿ ಸ್ವಲ್ಪ ಹಸಿರು ಇತ್ತು, ಆಲ್ಕೊಹಾಲ್ ಹಾಕಿ ತೊಳೆದೆವು, ವ್ಯತ್ಯಾಸ ಆಗಲಿಲ್ಲ. ಡಿಸ್‌ಪ್ಲೇ ಪಟ್ಟಿ ಕಾರ್ಡ್ ಹಾಕಿ ಮೀಟಿದಾಗ ಸುಲಭವಾಗಿ ಬಂತು. ಪ್ಲಗ್ ತೆಗೆದು, ಎರಡೂ ಕಡೆ ಕನೆಕ್ಟರ್ ಬಿಡಿಸಿ ಅಳೆದದ್ದು: ಮೂರು ವೈರ್ 0.4 ಓಮ್, ಬಾಗಿಲು ಆಡಿಸಿದರೂ ಅಷ್ಟೇ. ಬೋರ್ಡಿನಲ್ಲಿ ಗ್ರೌಂಡ್ ಎಂದು ಬರೆದ ವೈರ್ ಬಾಗಿಲು ಮುಚ್ಚಿದ್ದಾಗ 2 ಓಮ್‌ನಿಂದ 9 ಓಮ್ ತನಕ ಕುಣಿಯುತ್ತದೆ, ಅರ್ಧ ತೆರೆದಾಗ 40 ದಾಟುತ್ತದೆ, ಪೂರ್ತಿ ತೆರೆದರೆ ಏನೂ ಇಲ್ಲ.

ಹಾಗಾದರೆ ಆ ಒಂದು ವೈರ್ ಕತ್ತರಿಸಿ, ತಿರುಚಿ, ಟೇಪ್ ಸುತ್ತಿದರೆ ಸಾಕೇ? ಬಾಗಿಲು ಕಳಚಲೇಬೇಕೇ?

ತಂತಿಮಿತ್ರ

ಅಚ್ಚುಕಟ್ಟಾದ ಅಳತೆ. ಇನ್ನು ಅನುಮಾನ ಉಳಿದಿಲ್ಲ, ನಿಮ್ಮ ಎರಡು ಬೋರ್ಡುಗಳೂ ಸರಿಯಾಗಿವೆ.

ತಿರುಚಿ ಟೇಪ್ ಸುತ್ತುವುದು ಬೇಡ. ಮಡಚುವ ಜಾಗದಲ್ಲೇ ಗಂಟು ಬಂದರೆ ಗಂಟಿನ ಅಂಚಿನಲ್ಲಿ ವೈರ್ ಮತ್ತೆ ಕಡಿಯುತ್ತದೆ, ಟೇಪಿನ ಅಂಟು ಈ ಸೆಕೆಗೆ ಜಾರುತ್ತದೆ. ಮಡಚುವ ಭಾಗದಲ್ಲಿ ಹೊಸ, ಅಖಂಡ ವೈರ್ ಇರಬೇಕು. ಜೋಡಣೆ ಎರಡೂ ಹಿಂಜ್‌ನಿಂದ ದೂರ ಇರಬೇಕು: ಒಂದು ಫ್ರಿಜ್ ನೆತ್ತಿಯ ಮೇಲೆ ಕನೆಕ್ಟರ್ ಹತ್ತಿರ, ಇನ್ನೊಂದು ಬಾಗಿಲಿನೊಳಗೆ ಡಿಸ್‌ಪ್ಲೇ ಹತ್ತಿರ.

ನಾಲ್ಕೂ ವೈರ್ ಒಂದೇ ವಯಸ್ಸಿನವು, ಒಂದೇ ಜಾಗದಲ್ಲಿ ಮಡಚಿದವು. ಗ್ರೌಂಡ್ ಮೊದಲು ಹೋಯಿತು, ಉಳಿದವು ಸಾಲಿನಲ್ಲಿ ನಿಂತಿವೆ. ಹೇಗೂ ಬಿಚ್ಚುತ್ತೀರಲ್ಲ, ನಾಲ್ಕನ್ನೂ ಬದಲಿಸಿ. ಸಿಲಿಕಾನ್ ಹೊದಿಕೆಯ, ಸಣ್ಣ ಎಳೆಗಳು ಹೆಚ್ಚಿರುವ 24 ಗೇಜ್ ವೈರ್ ಕೇಳಿ, ಸುಮಾರು 0.2 ಚದರ ಮಿಲಿಮೀಟರ್. ನಾಲ್ಕು ಬಣ್ಣ, ಒಂದೊಂದು ಎರಡು ಮೀಟರ್ ತಂದರೆ ಉಳಿಯುತ್ತದೆ. ಮನೆ ವೈರಿಂಗಿನ ಗಟ್ಟಿ ವೈರ್ ಇಲ್ಲಿಗೆ ಆಗದು. 2 ಮಿಲಿಮೀಟರ್ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ವೈರನ್ನು ಬಿಗಿಯುವ ಕೊಳವೆ) ಅರ್ಧ ಮೀಟರ್ ಬೇಕು.

ವೈರ್ ಸಾಗಿಸುವ ಬಗೆ: ಬಾಗಿಲು ಕಳಚುವ ಮೊದಲು ಡಿಸ್‌ಪ್ಲೇ ಕಡೆಯಿಂದ ಹಳೆಯ ವೈರನ್ನು ಮೆಲ್ಲಗೆ ಎಳೆದು ನೋಡಿ. ಹಿಂಜ್ ಕಡೆ ಒಂದೆರಡು ಸೆಂಟಿಮೀಟರ್ ಸರಿದರೆ ಅದು ಪ್ಲಾಸ್ಟಿಕ್ ನಳಿಕೆಯೊಳಗೆ ಸಡಿಲವಾಗಿದೆ ಎಂದರ್ಥ, ಅದೃಷ್ಟ ನಿಮ್ಮದು. ಹಳೆಯ ವೈರಿನ ಒಂದು ತುದಿಗೆ ಮೀನಿನ ಗಾಳದ ನೈಲಾನ್ ದಾರ ಕಟ್ಟಿ ಎಳೆದು, ದಾರವನ್ನು ಒಳಗೆ ಬಿಟ್ಟು, ಆ ದಾರಕ್ಕೆ ಹೊಸ ನಾಲ್ಕು ವೈರ್ ಕಟ್ಟಿ ವಾಪಸ್ ಎಳೆಯಿರಿ. ಗಂಟು ದಪ್ಪ ಆಗದಂತೆ ವೈರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಮುಂದೆ ಕಟ್ಟಿ. ಹೊಸದನ್ನು ಎಳೆಯುವ ಮೊದಲೇ ಯಾವ ಬಣ್ಣ ಯಾವ ಪಿನ್‌ಗೆ ಎಂದು ಬರೆದಿಡಿ. ಸಪ್ಲೈ ಮತ್ತು ಗ್ರೌಂಡ್ ಅದಲು ಬದಲಾದರೆ ಡಿಸ್‌ಪ್ಲೇ ಬೋರ್ಡು ಆ ಕ್ಷಣವೇ ಹೋಗುತ್ತದೆ.

ವೈರ್ ಸ್ವಲ್ಪವೂ ಅಲುಗದಿದ್ದರೆ ಅದನ್ನು ಬಾಗಿಲಿನ ಫೋಮ್‌ನೊಳಗೆ ಹುದುಗಿಸಿದ್ದಾರೆ. ಜೋರು ಮಾಡಬೇಡಿ, ಫೋಮ್ ಕೊರೆಯಬೇಡಿ. ಆಗ ಹಿಂಜ್‌ನ ತೂತಿನಲ್ಲಿ ಬಾಗಿಲಿನ ಕಡೆ ವೈರ್ ಎಷ್ಟು ಉದ್ದ ಹೊರಗೆ ಸಿಗುತ್ತದೆ ನೋಡಿ. ನಾಲ್ಕೈದು ಸೆಂಟಿಮೀಟರ್ ಆರೋಗ್ಯವಾದ ವೈರ್ ಸಿಕ್ಕರೆ ಬಾಗಿಲಿನ ಮೇಲ್ತುದಿಯ ಮುಚ್ಚಳದೊಳಗೆ, ತಿರುಗುವ ಅಕ್ಷದಿಂದ ಆಚೆ, ಜೋಡಣೆ ಮಾಡಿ ಅಲ್ಲಿಯೇ ಸಣ್ಣ ಕೇಬಲ್ ಟೈ ಹಾಕಿ ಬಿಗಿಯಿರಿ. ಜೋಡಣೆ ಅಲುಗಬಾರದು, ಅದರ ಈಚೆಗಿನ ಹೊಸ ವೈರ್ ಮಾತ್ರ ಅಲುಗಬೇಕು.

ಹಿಂಜ್ ತೂತಿನಲ್ಲಿ ಕೈಯಾಡದಿದ್ದರೆ ಬಾಗಿಲು ಕಳಚಬೇಕಾಗುತ್ತದೆ, ಇಬ್ಬರು ಬೇಕು. ಬಾಗಿಲ ಗೂಡಿನಲ್ಲಿರುವುದನ್ನೆಲ್ಲ ತೆಗೆಯಿರಿ. ಹಿಂಜ್ ಸುತ್ತ ಪೆನ್ಸಿಲ್‌ನಿಂದ ಗುರುತು ಎಳೆಯಿರಿ, ಮತ್ತೆ ಕೂರಿಸುವಾಗ ಅದೇ ಗೆರೆಗೆ ಬರದಿದ್ದರೆ ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್) ಒಂದು ಮೂಲೆಯಲ್ಲಿ ಬಿಟ್ಟುಕೊಂಡು ಐಸ್ ಕಟ್ಟತೊಡಗುತ್ತದೆ. ಬೋಲ್ಟ್ ಹೆಚ್ಚಾಗಿ 10 ಮಿಲಿಮೀಟರ್ ಸ್ಪ್ಯಾನರಿಗೆ ಬರುತ್ತದೆ. ಒಬ್ಬರು ಬಾಗಿಲನ್ನು ಗಟ್ಟಿಯಾಗಿ ಹಿಡಿದಿರುವಾಗಲೇ ಕೊನೆಯ ಬೋಲ್ಟ್ ತೆಗೆಯಬೇಕು. ಬಾಗಿಲು ಎತ್ತಿದಾಗ ಕೆಳಗಿನ ಪಿನ್‌ನಲ್ಲಿ ತೆಳು ವಾಷರ್ ಇದ್ದರೆ ಬಾಗಿಲಿಗೇ ಅಂಟಿಕೊಂಡು ಬಂದು ಎಲ್ಲೋ ಬೀಳುತ್ತದೆ, ಆಗಲೇ ಹುಡುಕಿ ಎತ್ತಿಡಿ.

ಸೋಲ್ಡರ್ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಹಿಂಬದಿಯ ಸ್ಟಿಕರ್‌ನಲ್ಲಿ ಗ್ಯಾಸ್ ಹೆಸರು ನೋಡಿ. ಆರ್600ಎ ಎಂದಿದ್ದರೆ ಅದು ಐಸೊಬ್ಯುಟೇನ್, ಅಡುಗೆ ಗ್ಯಾಸಿನ ಬಂಧು. ಇರುವುದು ಸಾಮಾನ್ಯವಾಗಿ ನೂರು ಗ್ರಾಂಗಿಂತ ಕಡಿಮೆ, ಆದರೂ ಹೊತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕೊಳವೆಗಳ ಹತ್ತಿರ ಐರನ್ ಅಥವಾ ಬಿಸಿಗಾಳಿಯ ಗನ್ ಒಯ್ಯಬೇಡಿ, ಕಿಟಕಿ ತೆರೆದಿಡಿ, ಫ್ರೀಜರಿನೊಳಗೆ ಯಾವ ಬಿಸಿ ಕೆಲಸವೂ ಬೇಡ. ನೆತ್ತಿಯ ಮೇಲೆ, ಪ್ಲಗ್ ತೆಗೆದಿಟ್ಟು, ಸಣ್ಣ ಐರನ್‌ನಲ್ಲಿ ಮಾಡುವ ಕೆಲಸ ಇದು.

ವೈರ್ ತುದಿಯನ್ನು ಒಂದು ಸೆಂಟಿಮೀಟರ್ ಬಿಡಿಸಿ, ಎದುರು ಬದುರು ಹೆಣೆದು, ಸೋಲ್ಡರ್ ಒಳಗೆ ಹರಿಯುವಷ್ಟು ಕಾಯಿಸಿ, ಸ್ಲೀವ್ ಸರಿಸಿ. ನಾಲ್ಕು ಜೋಡಣೆಗಳೂ ಒಂದೇ ಜಾಗದಲ್ಲಿ ಬಂದರೆ ಗಡ್ಡೆಯಾಗುತ್ತದೆ, ಒಂದೊಂದನ್ನೂ ಒಂದೂವರೆ ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ. ಕೊನೆಗೆ ಬಾಗಿಲು ಪೂರ್ತಿ ತೆರೆದ ಸ್ಥಿತಿಯಲ್ಲಿ ವೈರ್ ಬಿಗಿ ಆಗದಷ್ಟು ಸಡಿಲ ಇದೆಯೇ ಎಂದು ನೋಡಿಯೇ ಮುಚ್ಚಳ ಹಾಕಿ. ಇದು ತಪ್ಪಿದರೆ ಆರು ತಿಂಗಳಲ್ಲಿ ಮತ್ತೆ ಇಲ್ಲಿಗೇ ಬರುತ್ತೀರಿ.

ಮಲ್ನಾಡ್_ಮನೆ

ಇದೇ ಎಳೆಯಲ್ಲಿ ಕೇಳುತ್ತೇನೆ, ಬೇಸರ ಇಲ್ಲ ತಾನೇ? ನಮ್ಮ ಫ್ರಿಜ್‌ನಲ್ಲಿ ಡಿಸ್‌ಪ್ಲೇ ಉರಿಯುತ್ತದೆ, ಆದರೆ ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಬಟನ್‌ಗಳು ತಾವೇ ಒತ್ತಿಕೊಳ್ಳುತ್ತವೆ, ಉಷ್ಣತೆಯ ಸೆಟ್ಟಿಂಗ್ ಬದಲಾಗಿ ಸೊಪ್ಪೆಲ್ಲ ಗಡ್ಡೆ ಕಟ್ಟುತ್ತದೆ. ಜೊತೆಗೆ ಅಂಕಿಯಲ್ಲಿ ಒಂದು ಗೆರೆ ಹೊತ್ತುತ್ತಿಲ್ಲ, 8 ಅಂದರೆ 6 ಕಾಣುತ್ತದೆ. ಎರಡೂ ಒಂದೇ ತೊಂದರೆಯೇ?

ಶೀತಲ_ಸರ್ವಿಸ್

ಎರಡೂ ಬೇರೆ ಬೇರೆ. ಮೊದಲು ಟಚ್. ಈ ಬಟನ್‌ಗಳು ಒತ್ತಡವನ್ನು ಗುರುತಿಸುವುದಿಲ್ಲ. ಬೆರಳು ಹತ್ತಿರ ಬಂದಾಗ ಆಗುವ ಅತಿ ಸಣ್ಣ ವಿದ್ಯುತ್ ಬದಲಾವಣೆಯನ್ನು ಗುರುತಿಸುತ್ತವೆ. ಸ್ಕ್ವೇರ್ ವೇವ್ (ಅಲೆಯಂತೆ ನಯವಾಗಿ ಏರಿಳಿಯದೆ ಒಮ್ಮೆಲೇ ಹಾರುವ) ಯುಪಿಎಸ್‌ನ ಕರೆಂಟ್ ಒರಟು, ಆ ಗದ್ದಲ ಸಪ್ಲೈ ಮೂಲಕ ಟಚ್ ಐಸಿಗೆ (ಬೆರಳನ್ನು ಗುರುತಿಸುವ ಚಿಪ್) ತಲುಪಿ ಬೆರಳು ಬಂದಂತೆ ತೋರುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಆ ಗದ್ದಲ ಇಳಿದುಹೋಗಲು ದಾರಿಯೂ ಇಲ್ಲ.

ಮೊದಲು ಅರ್ಥಿಂಗ್ ಅಳೆಯಿರಿ. ಮೀಟರ್ ಎಸಿ 750 ವೋಲ್ಟ್‌ನಲ್ಲಿಟ್ಟು ಸಾಕೆಟ್ಟಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಆಮೇಲೆ ಫೇಸ್ ಮತ್ತು ಅರ್ಥ್ ನಡುವೆ ನೋಡಿ, ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಬಹಳ ಹೆಚ್ಚು ಬಂದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥ್ ಗುಂಡಿ ಮತ್ತು ಅದರ ವೈರ್ ನೋಡಿಸಿ. ಇದು ಡಿಸ್‌ಪ್ಲೇಗಿಂತ ದೊಡ್ಡ ವಿಷಯ, ಫ್ರಿಜ್ ಮೈ ಮುಟ್ಟುವ ಮಕ್ಕಳ ಜೀವದ ವಿಷಯ. ಅರ್ಥಿಂಗ್ ಸರಿಯಿದ್ದರೂ ಯುಪಿಎಸ್‌ನಲ್ಲೇ ಹೀಗಾದರೆ ಎರಡು ದಾರಿ: ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್, ಅಥವಾ ಫ್ರಿಜ್ಜನ್ನು ಯುಪಿಎಸ್ ಲೈನಿನಿಂದ ಬಿಡಿಸುವುದು. ಮುಚ್ಚಿಟ್ಟ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರ್ ಇನ್ನೂ ಬಹಳ ಹೊತ್ತು. ಅಲ್ಲಿಯ ತನಕ ಸೆಟ್ ಮಾಡಿ ಚೈಲ್ಡ್ ಲಾಕ್ ಹಾಕಿಡಿ, ಸೊಪ್ಪು ಉಳಿಯುತ್ತದೆ.

ಯುಪಿಎಸ್ ಇಲ್ಲದೆಯೂ ತಾವೇ ಒತ್ತಿಕೊಳ್ಳುತ್ತಿದ್ದರೆ ತೇವ ನೋಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ, ಕೊಲಿನ್‌ನಂಥ ದ್ರವವನ್ನು ನೇರ ಪ್ಯಾನಲ್ ಮೇಲೆ ಸ್ಪ್ರೇ ಮಾಡಿದಾಗ ಅಂಚಿನಿಂದ ನೀರು ಒಳಗಿಳಿಯುತ್ತದೆ. ಬಟ್ಟೆಗೆ ಸ್ಪ್ರೇ ಮಾಡಿ ಒರೆಸುವುದು ಸರಿ. ಒಳಗಿಳಿದಿದ್ದರೆ ಪ್ಲಗ್ ತೆಗೆದು, ಪಟ್ಟಿ ಬಿಚ್ಚಿ, ಫ್ಯಾನ್ ಗಾಳಿಯಲ್ಲಿ ಒಂದು ದಿನ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಬಯಲ ಗಾಳಿಗೆ ಒಣಗುವುದಿಲ್ಲ, ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಫ್ರಿಜ್ ಆನ್ ಮಾಡುವಾಗ ಪ್ಯಾನಲ್ ಮೇಲೆ ಕೈ, ಬಟ್ಟೆ, ಮ್ಯಾಗ್ನೆಟ್ ಏನೂ ಇರಬಾರದು. ಕರೆಂಟ್ ಬಂದ ಮೊದಲ ಕೆಲವು ಸೆಕೆಂಡಿನಲ್ಲಿ ಟಚ್ ಐಸಿ ತನ್ನ ಸುತ್ತಲಿನ ಸ್ಥಿತಿಯನ್ನು ಖಾಲಿ ಎಂದು ಲೆಕ್ಕ ಹಾಕಿಕೊಳ್ಳುತ್ತದೆ, ಆಗ ಕೈ ಇದ್ದರೆ ಲೆಕ್ಕವೇ ತಪ್ಪು.

ಒಂದು ಬಟನ್ ಮಾತ್ರ ಕೇಳದಿದ್ದರೆ ಹಿಂದೆ ಸಣ್ಣ ಸ್ಪ್ರಿಂಗ್ ಇದೆಯೇ ನೋಡಿ. ಹಲವು ಪ್ಯಾನಲ್‌ಗಳಲ್ಲಿ ಬೋರ್ಡಿಗೂ ಮುಂದಿನ ಪ್ಲಾಸ್ಟಿಕ್‌ಗೂ ನಡುವೆ ಬಟನ್‌ಗೊಂದು ಸ್ಪ್ರಿಂಗ್ ನಿಂತಿರುತ್ತದೆ. ವಾಲಿದರೆ ಅಥವಾ ತುಕ್ಕು ಹಿಡಿದರೆ ಆ ಬಟನ್ ಕಿವುಡಾಗುತ್ತದೆ.

ಇನ್ನು ಕಾಣದ ಗೆರೆ. ಎರಡು ಅಂಕಿ ಇವೆ ಎಂದುಕೊಳ್ಳಿ. ಎರಡರಲ್ಲೂ ಅದೇ ಗೆರೆ ಇಲ್ಲವಾದರೆ ಡ್ರೈವರ್ ಐಸಿಯ (ಗೆರೆಗಳನ್ನು ಹೊತ್ತಿಸುವ ಚಿಪ್) ಒಂದು ಕಾಲು ಅಥವಾ ಆ ಸಾಲಿನ ಸೋಲ್ಡರ್ ಬಿಟ್ಟಿದೆ. ಮತ್ತೆ ಸೋಲ್ಡರ್ ಕಾಯಿಸಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ಒಂದು ಇಡೀ ಅಂಕಿ ಇಲ್ಲವಾದರೆ ಆ ಅಂಕಿಯ ಎಲ್ಲ ಗೆರೆಗಳಿಗೂ ಸೇರಿದ ಕಾಮನ್ ಸಾಲು ಬಿಟ್ಟಿದೆ. ಒಂದೇ ಅಂಕಿಯ ಒಂದೇ ಗೆರೆ ಮಾತ್ರ ಇಲ್ಲವಾದರೆ ಹೆಚ್ಚಿನ ಸಲ ಆ ಎಲ್‌ಇಡಿಯೇ ಸತ್ತಿದೆ. ಓದಲು ತೊಂದರೆ ಇಲ್ಲದಿದ್ದರೆ ಅದಕ್ಕಾಗಿ ಬೋರ್ಡ್ ಬದಲಿಸುವ ಖರ್ಚು ನನ್ನ ಪ್ರಕಾರ ದಂಡ. ತಂಪಿಗೂ ಅದಕ್ಕೂ ಸಂಬಂಧವಿಲ್ಲ.

ಡಿಸ್‌ಪ್ಲೇ ನಂಬುವಂತಿಲ್ಲದ ದಿನಗಳಲ್ಲಿ ತಂಪು ಸರಿ ಇದೆಯೇ ಎಂದು ತಿಳಿಯಲು: ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಓದಿದರೆ 4 ಡಿಗ್ರಿ ಅಥವಾ ಅದಕ್ಕಿಂತ ತುಸು ಕಡಿಮೆ ಇರಬೇಕು. ಫ್ರೀಜರ್ ಮೈನಸ್ 18. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಇನ್ಸುಲಿನ್ ಇಡುವ ಮನೆಯವರು ಈ ಪರೀಕ್ಷೆ ಬಿಡಲೇಬೇಡಿ. ಅದು 2ರಿಂದ 8 ಡಿಗ್ರಿ ನಡುವೆ ಇರಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ.

ಕೋಡ್‌ಗಳ ಬಗ್ಗೆ ಸ್ವಲ್ಪ. ಎಲ್‌ಜಿ ಫ್ರಿಜ್‌ಗಳಲ್ಲಿ ಇಆರ್ ಆದ ಮೇಲೆ ಸಿಓ ಬಂದರೆ ಸಂಪರ್ಕದ ತೊಂದರೆ, ಎಫ್ಎಫ್ ಬಂದರೆ ಫ್ರೀಜರ್ ಫ್ಯಾನ್, ಡಿಎಚ್ ಬಂದರೆ ಐಸ್ ಕರಗಿಸುವ ವ್ಯವಸ್ಥೆ. ಸ್ಯಾಮ್‌ಸಂಗ್‌ನಲ್ಲಿ ಓಎಫ್ ಓಎಫ್ ಎಂದು ಕಂಡರೆ ಕೆಟ್ಟಿಲ್ಲ, ಅಂಗಡಿಯಲ್ಲಿ ತೋರಿಸಲು ಇರುವ ಡೆಮೊ ಸ್ಥಿತಿಗೆ ಹೋಗಿದೆ: ಲೈಟ್ ಉರಿಯುತ್ತದೆ, ತಂಪಾಗುವುದಿಲ್ಲ. ಯಾವ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಹೊರಬರುತ್ತದೆ ಎಂಬುದು ಮಾದರಿಗೊಂದು ಇದೆ, ಪುಸ್ತಕದಲ್ಲಿ ಸಿಗುತ್ತದೆ.

ಬೋರ್ಡ್ ಬದಲಿಸಲೇಬೇಕಾಗಿ ಬಂದರೆ ಫ್ರಿಜ್ ಮಾದರಿಯ ಹೆಸರು ಹೇಳಿ ತರಿಸಬೇಡಿ. ಒಂದೇ ಮಾದರಿಯಲ್ಲಿ ಎರಡು ಮೂರು ಬಗೆಯ ಬೋರ್ಡ್ ಬಂದಿರುತ್ತವೆ. ಹಳೆಯ ಬೋರ್ಡ್ ಮೇಲಿನ ಸ್ಟಿಕರ್‌ನ ಪಾರ್ಟ್ ನಂಬರ್ ಅಕ್ಷರ ಅಕ್ಷರ ಹೊಂದಬೇಕು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೆಯ ಬೋರ್ಡ್ ಕೊಳ್ಳುವುದಾದರೆ ವಾಪಸಿಗೆ ಒಪ್ಪಿಸಿಕೊಂಡೇ ಹಣ ಕೊಡಿ. ಸರ್ವಿಸ್‌ನವರು ಹಾಕಿದರೆ ಪಾರ್ಟ್ ನಂಬರ್ ಬರೆದ ಬಿಲ್ ಮತ್ತು ತೆಗೆದ ಹಳೆಯ ಬೋರ್ಡ್ ಎರಡನ್ನೂ ಕೇಳಿ. 10 ವರ್ಷ ವಾರಂಟಿ ಎಂಬ ದೊಡ್ಡ ಅಕ್ಷರ ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ, ಕಾರ್ಡಿನ ಸಣ್ಣ ಅಕ್ಷರ ಓದಿ. ತಪ್ಪು ಪಾರ್ಟಿಗೆ ಹಣ ತೆಗೆದುಕೊಂಡು ಮಾತಿಗೇ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆಗ ಆ ಬಿಲ್ಲೇ ನಿಮ್ಮ ಆಧಾರ.

ಕರಾವಳಿ_ಮಳೆ

ವೈರ್ ನಳಿಕೆಯೊಳಗೆ ಸಡಿಲವಾಗಿಯೇ ಇತ್ತು. ಗಾಳದ ದಾರದ ಉಪಾಯದಿಂದ ನಾಲ್ಕೂ ಬದಲಾದವು, ಬಾಗಿಲು ಕಳಚಬೇಕಾಗಲಿಲ್ಲ. ಹಳೆಯ ಗ್ರೌಂಡ್ ವೈರನ್ನು ಸೀಳಿ ನೋಡಿದರೆ ಹಿಂಜ್ ಜಾಗದಲ್ಲಿ ಒಂದು ಎಳೆಯೂ ಅಖಂಡವಾಗಿರಲಿಲ್ಲ, ಎರಡು ಎಳೆಗಳ ಕಡಿದ ತುದಿ ಮಾತ್ರ ತಾಗಿಕೊಂಡಿತ್ತು, ಉಳಿದವು ಪುಡಿ. ಈಗ ನಾಲ್ಕೂ 0.3 ಓಮ್, ಬಾಗಿಲು 50 ಸಲ ತೆರೆದು ಮುಚ್ಚಿದರೂ ಅಂಕಿ ಅಲುಗಿಲ್ಲ, ಡಿಸ್‌ಪ್ಲೇ ಮಿಣುಕಿಲ್ಲ, ಬಟನ್‌ಗಳೂ ಸರಿಯಾದವು. ಕೊನೆಯ ಪ್ರಶ್ನೆ: ಆ ಹಸಿರು ಹಿಡಿದ ಕನೆಕ್ಟರ್‌ಗೆ ಮತ್ತೆ ಕಿಲುಬು ಬಾರದಂತೆ ಗ್ರೀಸ್ ಹಚ್ಚಬಹುದೇ?

ತಂತಿಮಿತ್ರ

ಗಾಡಿಗೆ ಹಾಕುವ ಗ್ರೀಸ್ ಬೇಡ, ಅದು ಧೂಳು ಹಿಡಿದು ಪ್ಲಾಸ್ಟಿಕ್ಕನ್ನೂ ತಿನ್ನಬಹುದು. ಎಲೆಕ್ಟ್ರಿಕಲ್ ಕನೆಕ್ಟರ್‌ಗೆಂದೇ ಬರುವ ಸಿಲಿಕಾನ್ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಗೊಡದ) ಗ್ರೀಸ್ ಕೇಳಿ. ಪಿನ್‌ಗಳು ಪೂರ್ತಿ ಒಣಗಿದ ಮೇಲೆ ಬೆಂಕಿಕಡ್ಡಿಯ ತುದಿಯಷ್ಟನ್ನು ಕನೆಕ್ಟರ್‌ನ ಬಾಯಿಗೆ ಹಚ್ಚಿ, ಎರಡು ಮೂರು ಸಲ ಹಾಕಿ ತೆಗೆದು, ಲಾಕ್ ಟಕ್ ಎನ್ನುವ ತನಕ ಒತ್ತಿ. ಮೇಲಿನ ಮುಚ್ಚಳ ಹಾಕಿದ ಮೇಲೆ ಫ್ರಿಜ್ ನೆತ್ತಿಯ ಮೇಲೆ ಒದ್ದೆ ಪಾತ್ರೆ ಇಡಬೇಡಿ, ನೀರು ಇಳಿಯುವ ದಾರಿ ಆ ಮೂಲೆಯೇ. ಮುಂದಿನ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಒಮ್ಮೆ ಬಿಚ್ಚಿ ಪಿನ್ ನೋಡಿಕೊಳ್ಳಿ.